ಅರ್ಧ ಗಂಟೆ ಆಡಿದರೆ ಆರಿಹೋಗುವ ಕಂಪ್ಯೂಟರ್: ಬೆಟಗೇರಿಯ ಬೇಸಿಗೆಯಲ್ಲಿ ದೋಷ ಹುಡುಕಿದ ಬಗೆ

ಮೊದಲು ದೋಷ ಏನೆಂದು ಹೇಳುತ್ತೇನೆ. ಚಳಿಗಾಲದಲ್ಲಿ ಧಾರವಾಡದ ಬಾಡಿಗೆ ಕೋಣೆಯಲ್ಲಿ ಮೂರು ನಾಲ್ಕು ತಾಸು ಆಡಿದರೂ ತಕರಾರಿಲ್ಲದೆ ನಡೆಯುತ್ತಿದ್ದ ಗೇಮಿಂಗ್ ಕಂಪ್ಯೂಟರ್, ಫೆಬ್ರವರಿಯಲ್ಲಿ ಗದಗ-ಬೆಟಗೇರಿಯ ಮನೆಗೆ ಬಂದು, ಏಪ್ರಿಲ್‌ನ ಬಿಸಿಲು ಏರಿದ ಮೇಲೆ ಆಟ ಶುರುವಾದ ಮೂವತ್ತು ನಲವತ್ತು ನಿಮಿಷಕ್ಕೆ ಒಮ್ಮೆಲೇ ಆರಿಹೋಗುತ್ತಿತ್ತು. ಪರದೆ ಕಪ್ಪಾಗಿ, ಫ್ಯಾನ್‌ಗಳು ನಿಂತು, ಒಳಗಿನ ಬಣ್ಣದ ದೀಪಗಳೆಲ್ಲ ಒಟ್ಟಿಗೆ ಆರುತ್ತಿದ್ದವು. ಪವರ್ ಗುಂಡಿ ಒತ್ತಿದರೆ ಮಿಸುಕುತ್ತಿರಲಿಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು, ಕ್ಯಾಬಿನೆಟ್ಟಿನ ಹಿಂದಿರುವ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕಿದರೆ ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ಕೂರುತ್ತಿತ್ತು.

ಕಂಪ್ಯೂಟರ್ ನನ್ನ ಅಕ್ಕನ ಮಗನದು. ಎರಡು ವರ್ಷ ಹಣ ಕೂಡಿಟ್ಟು, ಒಂದೊಂದೇ ಭಾಗ ಕೊಂಡು, ನಾವಿಬ್ಬರೂ ಕೂತು ಜೋಡಿಸಿದ್ದೆವು. ಎಎಂಡಿಯ ರೈಜನ್ 5 5600 ಪ್ರೊಸೆಸರ್, ಅದರ ಪೆಟ್ಟಿಗೆಯಲ್ಲೇ ಬರುವ ಚಿಕ್ಕ ಕೂಲರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್ ಕಡ್ಡಿಗಳು, ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 650 ವಾಟ್‌ನ ಬ್ರಾಂಝ್ ದರ್ಜೆಯ ಎಸ್‌ಎಂಪಿಎಸ್, ಅಂದರೆ ಗೋಡೆಯ ವಿದ್ಯುತ್ತನ್ನು ಎಲ್ಲ ಭಾಗಗಳಿಗೂ ಹೊಂದುವಂತೆ ಬದಲಿಸಿ ಕೊಡುವ ಪೆಟ್ಟಿಗೆ. ಕ್ಯಾಬಿನೆಟ್ ಅವನ ಆಯ್ಕೆ: ಮುಂದುಗಡೆ ಪೂರ್ತಿ ಗಾಜು, ಒಳಗೆ ದೀಪದ ಫ್ಯಾನ್‌ಗಳು.

ದೋಷ ಕಂಡ ವಾರದಲ್ಲೇ ಅವನಿಗೆ ಎರಡು ಸಲಹೆಗಳು ಬಂದಿದ್ದವು. ಪ್ರೊಸೆಸರ್ 88 ಡಿಗ್ರಿ ತೋರಿಸುತ್ತಿದೆ, ನೀರಿನಿಂದ ತಂಪಾಗಿಸುವ ಲಿಕ್ವಿಡ್ ಕೂಲರ್ ಹಾಕು ಎಂದು ಗೆಳೆಯರು ಹೇಳಿದ್ದರು. ಅವನು ಕಂಪ್ಯೂಟರನ್ನು ಹೊತ್ತೊಯ್ದು ತೋರಿಸಿದ ಅಂಗಡಿಯವರು ಎಸ್‌ಎಂಪಿಎಸ್ ಕೆಟ್ಟಿದೆ ಎಂದಿದ್ದರು. "ಮಾಮಾ, ಎಸ್‌ಎಂಪಿಎಸ್ ಹೋಗಿದೆಯಂತೆ. ಹೊಸದು ಹಾಕಿಸಲೇ, ಇಲ್ಲ ಕೂಲರನ್ನೂ ಸೇರಿಸಿಯೇ ತರಲೇ?" ಎಂದು ಫೋನ್ ಮಾಡಿದ. ಎರಡನ್ನೂ ಸೇರಿಸಿದರೆ ಹತ್ತು ಸಾವಿರ ದಾಟುತ್ತಿತ್ತು. ಭಾನುವಾರದ ತನಕ ಏನನ್ನೂ ಕೊಳ್ಳಬೇಡ ಎಂದು ಹೇಳಿ, ಬೆಳಗಿನ ರೈಲಿಗೆ ಹುಬ್ಬಳ್ಳಿಯಿಂದ ಗದಗಕ್ಕೆ ಹೊರಟೆ.

ಹೇಗೆ ಆರಿತು ಎಂದು ಮೊದಲು ಕೇಳಬೇಕು

"ಆಫ್ ಆಗುತ್ತದೆ" ಎಂಬ ಒಂದೇ ಮಾತಿನಲ್ಲಿ ಐದಾರು ಬೇರೆ ಬೇರೆ ರೋಗಗಳು ಅಡಗಿರುತ್ತವೆ. ಆಟದ ವೇಗ ಮಾತ್ರ ಕುಸಿದು, ಕಂಪ್ಯೂಟರ್ ನಡೆಯುತ್ತಲೇ ಇದ್ದರೆ ಅದು ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡ ಲಕ್ಷಣ. ಪರದೆ ಕಪ್ಪಾಗಿ ಫ್ಯಾನ್‌ಗಳು ಮಾತ್ರ ಇನ್ನೂ ಜೋರಾಗಿ ತಿರುಗುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿನ ಮೇಲೆ, ಅದಕ್ಕೆ ವಿದ್ಯುತ್ ಒಯ್ಯುವ ಕೇಬಲ್ ಮೇಲೆ ಅನುಮಾನ ಪಡಬೇಕು. ನೀಲಿ ಪರದೆ ಬಂದರೆ ರ‍್ಯಾಮ್, ಡ್ರೈವರ್, ಅಥವಾ ವೇಗ ಹೆಚ್ಚಿಸಲು ನಾವೇ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ನಲ್ಲಿ) ಮಾಡಿದ ಬದಲಾವಣೆಯನ್ನು ನೋಡಬೇಕು. ತಾನಾಗಿಯೇ ಆರಿ ತಾನಾಗಿಯೇ ಮತ್ತೆ ಹೊತ್ತಿಕೊಂಡರೆ ಗೋಡೆಯಿಂದ ಬರುವ ವಿದ್ಯುತ್ತು ಕ್ಷಣಕಾಲ ಕುಸಿದಿರಬಹುದು.

ಪೂರ್ತಿ ಆರಿ, ಗುಂಡಿ ಒತ್ತಿದರೂ ಏಳದೆ, ತಣಿದ ಮೇಲೆ ಮಾತ್ರ ಏಳುವುದು ಇವೆಲ್ಲಕ್ಕಿಂತ ಬೇರೆ. ಇದು ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ. ಒಳಗಿನ ಬಿಸಿ ಮಿತಿ ಮೀರಿದರೆ ಒಳ್ಳೆಯ ಎಸ್‌ಎಂಪಿಎಸ್ ತನ್ನ ಬಾಗಿಲು ಹಾಕಿಕೊಳ್ಳುತ್ತದೆ. ಅನೇಕ ಮಾದರಿಗಳಲ್ಲಿ ತಣಿದ ಮೇಲೆ ಹಿಂದಿನ ಸ್ವಿಚ್ಚನ್ನು ಆರಿಸಿ ಹಾಕುವ ತನಕ ಅದು ಮತ್ತೆ ತೆರೆಯುವುದಿಲ್ಲ. ಹುಡುಗನನ್ನು ನಾನು ಫೋನಿನಲ್ಲಿ ಮೂರು ಸಲ ಕೇಳಿದ್ದು ಇದನ್ನೇ: ತಕ್ಷಣ ಒತ್ತಿದರೆ ಏಳುತ್ತದೆಯೇ, ಕಾಯಬೇಕೇ? ಕಾಯಬೇಕು ಎಂದ. ಅಂಗಡಿಯವರು ಎಸ್‌ಎಂಪಿಎಸ್ ಕಡೆ ಬೆರಳು ತೋರಿಸಿದ್ದು ಸರಿಯಾಗಿಯೇ ಇತ್ತು. ಆದರೆ ತನ್ನನ್ನು ಕಾಪಾಡಿಕೊಳ್ಳುವ ಎಸ್‌ಎಂಪಿಎಸ್ ಕೆಟ್ಟ ಎಸ್‌ಎಂಪಿಎಸ್ ಅಲ್ಲ. ಅದಕ್ಕೆ ಬಿಸಿ ಏಕೆ ಏರುತ್ತಿದೆ ಎಂಬುದನ್ನು ಯಾರೂ ಕೇಳಿರಲಿಲ್ಲ.

ನಡೆದ ಘಟನೆಗಳನ್ನು ದಾಖಲಿಸಿಡುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ಕೆಂಪು ಸಾಲು ಕಂಡಿತ್ತು. ಅದನ್ನು ಹಿಡಿದುಕೊಂಡು ಬಹಳ ಜನ ದಾರಿ ತಪ್ಪುತ್ತಾರೆ. ಕಂಪ್ಯೂಟರ್ ಸರಿಯಾದ ಕ್ರಮದಲ್ಲಿ ಮುಚ್ಚದೆ ನಿಂತಿತು ಎಂಬುದಷ್ಟೇ ಆ ಸಾಲಿನ ಅರ್ಥ. ಪ್ಲಗ್ ಕಿತ್ತರೂ ಅದೇ ಸಾಲು ಬರುತ್ತದೆ.

ಲೆಕ್ಕ ಹಾಕಿದರೆ 650 ವಾಟ್ ಸಾಕೇ?

ಕಡಿಮೆ ಶಕ್ತಿಯ ಎಸ್‌ಎಂಪಿಎಸ್ ಭಾರ ತಾಳದೆ ಆರುವುದೂ ಉಂಟು. ಅದನ್ನು ತಳ್ಳಿಹಾಕಲು ಕಾಗದದ ಮೇಲೆ ಐದು ನಿಮಿಷದ ಲೆಕ್ಕ ಸಾಕು. 5600 ಪೆಟ್ಟಿಗೆಯ ಮೇಲೆ 65 ವಾಟ್ ಎಂದಿದ್ದರೂ ಗರಿಷ್ಠ 76 ವಾಟ್ ತನಕ ಎಳೆಯುತ್ತದೆ. 3060ರದ್ದು 170 ವಾಟ್. ಬೋರ್ಡ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ 50 ಎಂದು ಹಿಡಿದರೂ ಒಟ್ಟು 300 ವಾಟ್‌ನ ಆಸುಪಾಸು. ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ಇದಕ್ಕಿಂತ ಹೆಚ್ಚು ಎಳೆಯುವುದುಂಟು, ಆದರೂ 650ಕ್ಕೆ ಬೇಕಾದಷ್ಟು ಅವಕಾಶವಿದೆ. ಅಲ್ಲದೆ ಭಾರ ತಾಳದ ಎಸ್‌ಎಂಪಿಎಸ್ ಭಾರ ಬಿದ್ದ ಕ್ಷಣದಲ್ಲೇ ಆರುತ್ತದೆ, ಅರ್ಧ ಗಂಟೆ ಕಾಯುವುದಿಲ್ಲ. ನಿಧಾನವಾಗಿ ಬರುವ ದೋಷಕ್ಕೆ ನಿಧಾನವಾಗಿ ಏರುವ ಕಾರಣವೇ ಬೇಕು. ಅದು ಬಿಸಿ.

ಎಸ್‌ಎಂಪಿಎಸ್ ತಾನೇ ಎಷ್ಟು ಬಿಸಿ ಹುಟ್ಟಿಸುತ್ತದೆ ಎಂಬುದೂ ಇದೇ ಲೆಕ್ಕದಲ್ಲಿ ಸಿಗುತ್ತದೆ. ಅರ್ಧ ಭಾರದಲ್ಲಿ ಬ್ರಾಂಝ್ ದರ್ಜೆಯ ದಕ್ಷತೆ ಸುಮಾರು 85 ಪ್ರತಿಶತ. 300 ವಾಟ್ ಕೊಡಲು ಅದು ಗೋಡೆಯಿಂದ 350ರಷ್ಟು ಎಳೆಯುತ್ತದೆ. ನಡುವಿನ 50 ವಾಟ್ ಅದರ ಹೊಟ್ಟೆಯಲ್ಲೇ ಶಾಖವಾಗಿ ಉಳಿಯುತ್ತದೆ. ಇಟ್ಟಿಗೆಯಷ್ಟು ಗಾತ್ರದ ಪೆಟ್ಟಿಗೆಯಿಂದ ಆ ಶಾಖವನ್ನು ಹೊರಹಾಕುವುದಕ್ಕೆ ಇರುವುದು ಒಂದೇ ಫ್ಯಾನ್.

ದಾಖಲೆ, ಮತ್ತು ಕೋಣೆಯ ತಾಪಮಾನವನ್ನು ಕಳೆಯುವುದು

ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಎಲ್ಲ ತಾಪಮಾನಗಳನ್ನೂ ಎರಡು ಸೆಕೆಂಡಿಗೊಮ್ಮೆ ಕಡತದಲ್ಲಿ ಬರೆದಿಡುತ್ತದೆ. ಕಂಪ್ಯೂಟರ್ ಒಮ್ಮೆಲೇ ಸತ್ತರೂ ಕಡತ ಉಳಿಯುತ್ತದೆ. ಅದರ ಕೊನೆಯ ಸಾಲುಗಳೇ ನಮಗೆ ಬೇಕಾದ ಸಾಕ್ಷಿ. ಹಿಂದಿನ ದಿನವೇ ಹಾಗೆ ಬರೆಸಿಟ್ಟಿರು ಎಂದು ಹೇಳಿದ್ದೆ. ಕೊನೆಯ ಸಾಲು ಹೀಗಿತ್ತು: ಪ್ರೊಸೆಸರ್ 88, ಗ್ರಾಫಿಕ್ಸ್ ಕಾರ್ಡ್ 80.

ಎರಡೂ ಬಿಸಿಯೇ, ಆದರೆ ಎರಡೂ ಮಿತಿಯೊಳಗೆ. ಈ ಪ್ರೊಸೆಸರ್‌ನ ಮಿತಿ 90, ಕಾರ್ಡಿನದು 93. ಮಿತಿ ಮುಟ್ಟಿದರೂ ಅವು ಮೊದಲು ವೇಗ ತಗ್ಗಿಸುತ್ತವೆ. ಎಷ್ಟು ತಗ್ಗಿಸಿದರೂ ಬಿಸಿ ಇಳಿಯದಿದ್ದಾಗ ಮಾತ್ರ ಆರುತ್ತವೆ. ಆದ್ದರಿಂದ 88 ಎಂಬ ಅಂಕಿ ಕಣ್ಣು ಕುಕ್ಕುತ್ತಿದ್ದರೂ ಅದು ಆರಿಸುವ ಕೈ ಆಗಿರಲಿಲ್ಲ. ಲಿಕ್ವಿಡ್ ಕೂಲರ್ ತಂದಿದ್ದರೆ 88 ಇದ್ದದ್ದು 75 ಆಗುತ್ತಿತ್ತೇನೋ. ಕಂಪ್ಯೂಟರ್ ಮಾತ್ರ ಅದೇ ಅರ್ಧ ಗಂಟೆಗೆ ಆರುತ್ತಿತ್ತು.

ನಮ್ಮ ಕಡೆಯವರಿಗೆ ನಾನು ಒತ್ತಿ ಹೇಳಬೇಕೆಂದಿರುವುದು ಇಲ್ಲಿದೆ. ಪರದೆಯ ಮೇಲಿನ ತಾಪಮಾನವನ್ನು ಹಾಗೆಯೇ ಓದಬೇಡಿ. ಕ್ಯಾಬಿನೆಟ್ ಎಳೆದುಕೊಳ್ಳುವ ಗಾಳಿಯ ತಾಪಮಾನವನ್ನು ಅದರಿಂದ ಕಳೆದು ಓದಿ. ಯಾವ ಕೂಲರ್ ಆದರೂ, ಗಾಳಿಯದಾಗಲಿ ನೀರಿನದಾಗಲಿ, ಕೋಣೆಯ ಗಾಳಿಗಿಂತ ಕೆಳಗೆ ಇಳಿಸಲಾರದು. ಕೋಣೆ ಹದಿನೈದು ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಜನವರಿಯ ಧಾರವಾಡದ ರಾತ್ರಿಗೂ ಏಪ್ರಿಲ್‌ನ ಗದಗಿನ ಮಧ್ಯಾಹ್ನಕ್ಕೂ ಇರುವ ಅಂತರ ಅಷ್ಟು ದೊಡ್ಡದು.

ಜನವರಿಯಲ್ಲಿ ಜೋಡಿಸಿದ ದಿನ ನಾನು ಬರೆದಿಟ್ಟ ಚೀಟಿ ಇತ್ತು: ಕೋಣೆ 22, ಅದೇ ಆಟದಲ್ಲಿ ಪ್ರೊಸೆಸರ್ 68. ಅಂತರ 46. ಬೆಟಗೇರಿಯಲ್ಲಿ ಗೋಡೆಗೆ ತೂಗುಹಾಕುವ ಉಷ್ಣಮಾಪಕವೊಂದನ್ನು ಹಿಡಿದೆ. ಕೋಣೆಯಲ್ಲಿ 36. ಲೆಕ್ಕದಂತೆ ಪ್ರೊಸೆಸರ್ 82 ಇರಬೇಕು, ಆದರೆ ಇದ್ದದ್ದು 88. ಆರು ಡಿಗ್ರಿ ಎಲ್ಲಿಂದ ಬಂತು? ಕಂಪ್ಯೂಟರ್ ಮೇಜಿನ ಕೆಳಗೆ ಕ್ಯಾಬಿನೆಟ್ ಇಡಲೆಂದೇ ಬಡಗಿ ಮಾಡಿರುವ ಮರದ ಗೂಡು ಇತ್ತು. ಹಿಂದೆ, ಪಕ್ಕ, ಮೇಲೆ ಹಲಗೆ, ಮುಂದೆ ಮಾತ್ರ ತೆರೆದಿತ್ತು. ಆಟ ಶುರುವಾಗಿ ಅರ್ಧ ಗಂಟೆಯಾದ ಮೇಲೆ ಮಾಪಕವನ್ನು ಆ ಗೂಡಿನೊಳಗೆ ಇಟ್ಟೆ. 42 ತೋರಿಸಿತು. 42ಕ್ಕೆ 46 ಕೂಡಿಸಿದರೆ 88.

ಅಂತರ ಜನವರಿಯಲ್ಲಿದ್ದಷ್ಟೇ ಇತ್ತು ಎಂದಮೇಲೆ ಕೂಲರ್ ಬಿಗಿಯಾಗಿ ಕೂತಿದೆ, ಅದಕ್ಕೂ ಪ್ರೊಸೆಸರ್‌ಗೂ ನಡುವೆ ಹಚ್ಚಿದ, ಶಾಖ ದಾಟಿಸುವ ಪೇಸ್ಟ್ ಒಣಗಿಲ್ಲ, ಅದರ ಫ್ಯಾನ್ ಸರಿಯಾಗಿದೆ. ಅದನ್ನು ಬಿಚ್ಚುವ ಕೆಲಸವೇ ಇರಲಿಲ್ಲ, ನಾನು ಮುಟ್ಟಲೂ ಇಲ್ಲ. ಕ್ಯಾಬಿನೆಟ್ ತಾನು ಉಗುಳಿದ ಬಿಸಿ ಗಾಳಿಯನ್ನೇ ತಿರುಗಿ ಕುಡಿಯುತ್ತಿತ್ತು. ಪ್ರೊಸೆಸರ್ ಇಷ್ಟು ಬಿಸಿಯಾಗುತ್ತಿದ್ದುದಕ್ಕೆ ಅದು ಕಾರಣ. ಆರುವುದಕ್ಕೆ ಕಾರಣ ಇನ್ನೂ ಸಿಕ್ಕಿರಲಿಲ್ಲ.

ಪಕ್ಕದ ಬಾಗಿಲು ತೆಗೆದರೂ ಆರಿತು

ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗೆ ಎಳೆದು, ಪಕ್ಕದ ಗಾಜನ್ನು ಬಿಚ್ಚಿಟ್ಟು ಅದೇ ಆಟ ಆಡಿಸಿದೆವು. ಪ್ರೊಸೆಸರ್ 79ಕ್ಕೆ ಇಳಿಯಿತು. ಹುಡುಗನ ಮುಖ ಅರಳಿತು. ಐವತ್ತನೆಯ ನಿಮಿಷಕ್ಕೆ ಮತ್ತೆ ಆರಿತು.

ಈ ಸೋಲೇ ನಮಗೆ ದಾರಿ ತೋರಿಸಿದ್ದು. ಪಕ್ಕ ತೆರೆದರೆ ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಗಾಳಿ ಸಿಗುತ್ತದೆ. ಎಸ್‌ಎಂಪಿಎಸ್‌ಗೆ ಅದರಿಂದ ಏನೂ ಸಿಗುವುದಿಲ್ಲ, ಏಕೆಂದರೆ ಈಗಿನ ಕ್ಯಾಬಿನೆಟ್‌ಗಳಲ್ಲಿ ಅದು ತಳದ ಪ್ರತ್ಯೇಕ ಕೋಣೆಯಲ್ಲಿ ಕೂತಿರುತ್ತದೆ. ಅದರ ಫ್ಯಾನ್ ನೆಲದ ಕಡೆಗೆ ಮುಖಮಾಡಿ, ತಳದ ಜಾಲರಿಯ ಮೂಲಕ ಗಾಳಿ ಎಳೆದು ಹಿಂದಕ್ಕೆ ಬಿಡುತ್ತದೆ.

ಅಂಗಡಿಯ ಪರೀಕ್ಷೆ ಎಲ್ಲಿ ದಾರಿ ತಪ್ಪಿತ್ತು ಎಂಬುದೂ ಆಗ ಹೊಳೆಯಿತು. ಅವರು ತಮ್ಮ ಬಳಿಯಿದ್ದ ಎಸ್‌ಎಂಪಿಎಸ್ಸನ್ನು ಕ್ಯಾಬಿನೆಟ್ ಒಳಗೆ ಕೂರಿಸಿರಲಿಲ್ಲ. ಮೇಜಿನ ಮೇಲೆ ಇಟ್ಟು ಕೇಬಲ್ ಮಾತ್ರ ಒಳಗೆ ಸಿಕ್ಕಿಸಿದ್ದರು. ಎರಡು ತಾಸು ಆರದೆ ನಡೆದದ್ದರಿಂದ ಹಳೆಯದು ಕೆಟ್ಟಿದೆ ಎಂದು ತೀರ್ಮಾನಿಸಿದ್ದರು. ಭಾಗ ಬದಲಾದಂತೆಯೇ ಜಾಗವೂ ಬದಲಾಗಿತ್ತು. ನಾವು ಹಳೆಯ ಎಸ್‌ಎಂಪಿಎಸ್ಸನ್ನೇ ತಿರುಪು ಬಿಚ್ಚಿ ಹೊರಗೆ ಸ್ಟೂಲಿನ ಮೇಲಿಟ್ಟು ಅದೇ ಪರೀಕ್ಷೆ ಮಾಡಿದೆವು. ಎರಡು ತಾಸು ಅದೂ ಆರಲಿಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಉಳಿದೆಲ್ಲವನ್ನೂ ಇದ್ದ ಹಾಗೆಯೇ ಬಿಡಿ. ಎರಡು ಬದಲಾದರೆ ಪರೀಕ್ಷೆ ಏನನ್ನೂ ಹೇಳುವುದಿಲ್ಲ.

ಊದಿನಕಡ್ಡಿ ಹಿಡಿದು ನೋಡಿದ್ದು

ಎಸ್‌ಎಂಪಿಎಸ್ಸನ್ನು ಮತ್ತೆ ಒಳಗೆ ಕೂರಿಸಿ, ಆಟ ಹಚ್ಚಿ, ದೇವರ ಕೋಣೆಯಿಂದ ಒಂದು ಊದಿನಕಡ್ಡಿ ತಂದು ಹೊತ್ತಿಸಿದೆ. ಗಾಳಿ ಎಲ್ಲಿಂದ ಹೋಗುತ್ತಿದೆ, ಎಲ್ಲಿ ನಿಂತಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ಗೊತ್ತಿಲ್ಲ. ಹಿಂದಿನ ಫ್ಯಾನ್ ಬಳಿ ಹಿಡಿದರೆ ಹೊಗೆ ಹೊರಕ್ಕೆ ಚಿಮ್ಮಿತು, ಸರಿ. ಮುಂದಿನ ಗಾಜಿಗೂ ಚೌಕಟ್ಟಿಗೂ ನಡುವೆ ಬೆರಳಿನ ಉಗುರು ಹಿಡಿಸುವಷ್ಟು ಸಂದು ಇತ್ತು. ಅಲ್ಲಿ ಹೊಗೆಯ ಎಳೆ ಸ್ವಲ್ಪವೇ ಬಾಗಿ ಒಳಗೆ ಹೋಯಿತು. ಎಸ್‌ಎಂಪಿಎಸ್ ಇರುವ ತಳದ ಅಂಚಿಗೆ ಹಿಡಿದೆ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಒಂದಿಷ್ಟೂ ಒಳಕ್ಕೆ ಬಾಗಲಿಲ್ಲ. ಅದರ ಹಿಂದಿನ ಜಾಲರಿಗೆ ಕೈ ಒಡ್ಡಿದರೆ ಗಾಳಿ ಬರುತ್ತಿದೆಯೋ ಇಲ್ಲವೋ ಎಂಬಂತಿತ್ತು. ತಗಡು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿತ್ತು.

ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟನ್ನು ಮಲಗಿಸಿದೆವು. ಅಡಿಯಲ್ಲಿ ಮಡಚಿದ ನವಲಗುಂದದ ಜಮಖಾನ. ಹೊಸ ಕಂಪ್ಯೂಟರಿಗೆ ತರಚಬಾರದೆಂದು ಅಕ್ಕ ಪ್ರೀತಿಯಿಂದ ಹಾಸಿದ್ದಳು. ಗೂಡಿನಿಂದ ಹೊರಗೆ ಎಳೆದಾಗಲೂ ನಾವು ಅದರ ಸಮೇತವೇ ಎಳೆದಿದ್ದೆವು. ಕ್ಯಾಬಿನೆಟ್ಟಿನ ಕಾಲುಗಳು ಒಂದು ಇಂಚು ಕೂಡ ಇರಲಿಲ್ಲ, ದಪ್ಪ ಜಮಖಾನದಲ್ಲಿ ಪೂರ್ತಿ ಹೂತುಹೋಗಿದ್ದವು.

ತಳದ ಜಾಲರಿಯನ್ನು ಹಿಂದಕ್ಕೆ ಜಾರಿಸಿ ತೆಗೆದೆ. ಅದು ಜಾಲರಿಯಂತೆ ಕಾಣಲೇ ಇಲ್ಲ. ಅಕ್ಕನ ಮನೆಯ ಪಡಸಾಲೆಯಲ್ಲಿ ಮಗ್ಗವಿದೆ, ಭಾವ ಸೀರೆ ನೇಯುತ್ತಾರೆ. ನೂಲಿನಿಂದ ಉದುರುವ ಸಣ್ಣ ಜುಂಗು ಮನೆಯ ಗಾಳಿಯಲ್ಲೆಲ್ಲ ಇರುತ್ತದೆ. ಕಿಟಕಿಯ ಬೆಳಕಿಗೆ ಕೂತರೆ ಕಾಣುತ್ತದೆ. ಆ ಜುಂಗು ಎರಡೇ ತಿಂಗಳಲ್ಲಿ ಜಾಲರಿಯ ಮೇಲೆ ಪದರಪದರವಾಗಿ ಕೂತು, ಕಂಬಳಿಯ ತುಂಡಿನಂತೆ ಗಟ್ಟಿಯಾಗಿತ್ತು. ಉಗುರಿನಿಂದ ಒಂದು ಮೂಲೆ ಎತ್ತಿದರೆ ಇಡಿಯಾಗಿ ಸುಲಿದು ಬಂತು. ಕೆಳಪದರ ಕೆಂಗಂದು, ಮೇಲಿನದು ಹಸಿರು. ಫೆಬ್ರವರಿಯಿಂದ ಮಗ್ಗದ ಮೇಲಿದ್ದ ಸೀರೆಗಳ ಬಣ್ಣವನ್ನು ಭಾವ ಅದರಲ್ಲಿ ಗುರುತು ಹಿಡಿದರು. ಮಗನ ಸಾಮಾನು ತಮ್ಮ ಮಗ್ಗದಿಂದ ಕೆಟ್ಟಿತೇ ಎಂದು ಅವರಿಗೆ ಬೇಸರವಾಯಿತು. ಏನೂ ಕೆಟ್ಟಿಲ್ಲ, ಜಾಲರಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ ಎಂದೆ. ಜಾಲರಿ ಇಲ್ಲದಿದ್ದರೆ ಅಷ್ಟೂ ಎಸ್‌ಎಂಪಿಎಸ್ ಒಳಗೆ ಹೋಗಿರುತ್ತಿತ್ತು.

ಸರಿಪಡಿಸಿ, ಮತ್ತೆ ಕೆಡಿಸಿ ನೋಡಿದ್ದು

ಜಾಲರಿಯನ್ನು ತೊಳೆದು ಬಿಸಿಲಿಗೆ ಒಣಗಿಸಿದೆವು. ಮಗ್ಗದ ಪಕ್ಕ ಬಿದ್ದಿದ್ದ ಎರಡು ಮರದ ಪಟ್ಟಿಗಳನ್ನು ಕ್ಯಾಬಿನೆಟ್ಟಿನ ಕೆಳಗೆ ಕೊಟ್ಟು ನೆಲದಿಂದ ಎರಡು ಇಂಚು ಎತ್ತರಿಸಿದೆವು. ಊದಿನಕಡ್ಡಿ ಹಿಡಿದರೆ ಹೊಗೆ ಈಗ ತಳದೊಳಗೆ ಸರ್ರನೆ ನುಗ್ಗಿತು. ಎರಡು ತಾಸು ಆಟ ನಡೆಯಿತು, ಆರಲಿಲ್ಲ.

ಇಷ್ಟಕ್ಕೇ ಬಿಟ್ಟರೆ ಅನುಮಾನ ಉಳಿಯುತ್ತದೆ. ತಾನಾಗಿಯೇ ಬಂದು ತಾನಾಗಿಯೇ ಹೋಗುವ ದೋಷಗಳು ಎಷ್ಟೋ ಇವೆ. ದೋಷವನ್ನು ಬೇಕೆಂದೇ ಮತ್ತೆ ಕರೆಯಲು ಬಂದರೆ ಮಾತ್ರ ಕಾರಣ ಸಿಕ್ಕಿದೆ ಎಂದು ನಂಬಬಹುದು. ಪಟ್ಟಿ ತೆಗೆದು ಜಮಖಾನವನ್ನು ತಿರುಗಿ ಹಾಸಿದೆವು. ನಲವತ್ತೈದನೆಯ ನಿಮಿಷಕ್ಕೆ ಆರಿತು. ತೆಗೆದೆವು, ಮತ್ತೆ ಆರಲಿಲ್ಲ. ಈ ಪ್ರಯೋಗವನ್ನು ಒಂದೇ ಸಲ ಮಾಡಿ. ಎಸ್‌ಎಂಪಿಎಸ್‌ನ ರಕ್ಷಣೆ ತುರ್ತಿಗೆ ಇರುವಂಥದ್ದು, ದಿನಾ ಬಳಸುವಂಥದ್ದಲ್ಲ.

ಆಮೇಲೆ ಎರಡನೆಯ ತೊಂದರೆಯಾದ ಪ್ರೊಸೆಸರ್ ಬಿಸಿಯ ಕೆಲಸ. ಮರದ ಗೂಡಿಗೆ ಶಾಶ್ವತವಾಗಿ ವಿದಾಯ ಹೇಳಿ ಕ್ಯಾಬಿನೆಟ್ಟನ್ನು ಮೇಜಿನ ಪಕ್ಕ ಗೋಡೆಯಿಂದ ಅರ್ಧ ಅಡಿ ದೂರ ಇಟ್ಟೆವು. ಮುಂದಿನ ಗಾಜನ್ನು ತೆಗೆದು, ಆ ಜಾಗಕ್ಕೆ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಅಳತೆಗೆ ಕತ್ತರಿಸಿ ಬಿಗಿದೆವು. ದೀಪಗಳು ಮೊದಲಿನ ಹಾಗೆ ಹೊಳೆಯುವುದಿಲ್ಲ ಎಂದು ಹುಡುಗನಿಗೆ ಕೊಂಚ ಬೇಜಾರಾಯಿತು. ಅವನ ಮಾನಿಟರ್ 75 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 75 ಚಿತ್ರ ತೋರಿಸುವಂಥದ್ದು; ಕಾರ್ಡ್ ಮಾತ್ರ ಸೆಕೆಂಡಿಗೆ ನೂರಮೂವತ್ತು ಚಿತ್ರಗಳನ್ನು ಬಿಡಿಸುತ್ತಿತ್ತು. ಕಣ್ಣಿಗೆ ಬೀಳದ ಆ ಕೆಲಸಕ್ಕೂ ವಿದ್ಯುತ್ ಬೇಕು, ಅದರಿಂದಲೂ ಶಾಖ ಹುಟ್ಟುತ್ತದೆ. ಎನ್‌ವಿಡಿಯಾದ ಸೆಟ್ಟಿಂಗ್‌ನಲ್ಲಿ ಮಿತಿಯನ್ನು 75ಕ್ಕೆ ಇಟ್ಟೆವು. ಕಾರ್ಡ್ ಎಳೆಯುತ್ತಿದ್ದ 165 ವಾಟ್ 110ಕ್ಕೆ ಇಳಿಯಿತು. ಕಾಸು ಖರ್ಚಿಲ್ಲದೆ ಇಷ್ಟು ತಂಪು ಕೊಡುವ ಬೇರೆ ಉಪಾಯ ನಾನು ಕಂಡಿಲ್ಲ. ಕೊನೆಯಲ್ಲಿ ಕೋಣೆ 36 ಇದ್ದಾಗ ಪ್ರೊಸೆಸರ್ 75, ಕಾರ್ಡ್ 68.

ನಿಮ್ಮಲ್ಲಿ ಲಕ್ಷಣ ಬೇರೆಯಾಗಿದ್ದರೆ

ಕೋಣೆಯ ತಾಪಮಾನ ಕಳೆದ ಮೇಲೂ ಪ್ರೊಸೆಸರ್‌ನ ಅಂತರ ಮೊದಲಿಗಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚಿದ್ದರೆ ಆಗ ಕೂಲರ್ ಬಿಚ್ಚಬೇಕು. ಹೊಸದಾಗಿ ಜೋಡಿಸಿದ್ದಾದರೆ ಕೂಲರ್‌ನ ತಳದ ಪ್ಲಾಸ್ಟಿಕ್ ಹಾಳೆಯನ್ನು ಸುಲಿಯದೆಯೇ ಕೂರಿಸಿರುವ ಸಂಭವ ಬಹಳ. ಈ ರೈಜನ್ 5600 ಕೂರುವ ಎಎಂ4 ಸಾಕೆಟ್‌ನ ಬೋರ್ಡ್‌ಗಳಲ್ಲಿ ಒಂದು ಅಪಾಯವಿದೆ: ಕೂಲರನ್ನು ನೆಟ್ಟಗೆ ಮೇಲಕ್ಕೆ ಕಿತ್ತರೆ ಗಟ್ಟಿಯಾದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಎದ್ದು ಬರುತ್ತದೆ, ಅದರ ಪಿನ್‌ಗಳು ಬಾಗುತ್ತವೆ. ಹತ್ತು ನಿಮಿಷ ಆಟ ಆಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ತಿರುಪು ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸಿ ಅಂಟು ಬಿಡಿಸಿ, ನಂತರ ಎತ್ತಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ವಿದ್ಯುತ್ ಹೋಗಿ ಮನೆಯ ಇನ್ವರ್ಟರ್ ಹಿಡಿದುಕೊಳ್ಳುವ ಕ್ಷಣದಲ್ಲೇ ಕಂಪ್ಯೂಟರ್ ಮರುಚಾಲೂ ಆಗುವುದಾದರೆ ಅದು ಬಿಸಿಯ ದೋಷವಲ್ಲ. ಗೋಡೆಯ ವಿದ್ಯುತ್ ನಿಂತ ಮೇಲೆ ಎಸ್‌ಎಂಪಿಎಸ್ ತನ್ನ ಸಂಗ್ರಹದಿಂದ ಸುಮಾರು 16 ಮಿಲಿಸೆಕೆಂಡ್ ಮಾತ್ರ ನಡೆಸಬಲ್ಲದು. ಇನ್ವರ್ಟರ್ ಅದಕ್ಕಿಂತ ತಡಮಾಡಿದರೆ ಕಂಪ್ಯೂಟರ್ ನಿಲ್ಲುತ್ತದೆ. ಇನ್ವರ್ಟರ್‌ನಲ್ಲಿ ಯುಪಿಎಸ್ ಎಂಬ ಸ್ಥಾನವಿದ್ದರೆ ಅದಕ್ಕೆ ಹಾಕಿ ನೋಡಿ. ಪ್ರತ್ಯೇಕ ಯುಪಿಎಸ್ ಕೊಳ್ಳುವವರು ವಿಎ (ವೋಲ್ಟ್-ಆಂಪಿಯರ್) ಅಂಕಿಯನ್ನು ವಾಟ್ ಎಂದು ಓದಬೇಡಿ. 600 ವಿಎಯ ಸಾಮಾನ್ಯ ಯುಪಿಎಸ್ ಕೊಡುವುದು 360 ವಾಟ್‌ನಷ್ಟು.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ? ಹಳೆಯ ಮನೆಗಳಲ್ಲಿ ಮೂರನೆಯ ಪಿನ್‌ಗೆ ಅರ್ಥಿಂಗ್ ಇರುವುದಿಲ್ಲ, ಎಸ್‌ಎಂಪಿಎಸ್‌ನ ಒಳಗಿನ ಕೆಪಾಸಿಟರ್‌ಗಳ ಮೂಲಕ ಸೋರುವ ಅಲ್ಪ ವಿದ್ಯುತ್ತು ತಗಡಿನ ಮೇಲೆ ನಿಲ್ಲುತ್ತದೆ. ಇದನ್ನು ಎಲೆಕ್ಟ್ರಿಷಿಯನ್ ಕರೆಸಿಯೇ ಸರಿಮಾಡಿಸಬೇಕು. ಹಾಗೆಯೇ ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಧೂಳು ತೆಗೆಯುವ ನೆಪದಲ್ಲೂ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 400 ವೋಲ್ಟ್‌ನ ಹತ್ತಿರ ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಕಾಲ ಉಳಿಯಬಹುದು.

ಧೂಳು ಊದಿಸಲು ಪಂಕ್ಚರ್ ಅಂಗಡಿಗೆ ಒಯ್ಯುವವರನ್ನು ಹುಬ್ಬಳ್ಳಿಯಲ್ಲಿ ನಾನೇ ನೋಡಿದ್ದೇನೆ. ದಯವಿಟ್ಟು ಬೇಡ. ಆ ಟ್ಯಾಂಕಿನ ಗಾಳಿಯಲ್ಲಿ ನೀರಿನ ಹನಿ ಇರುತ್ತದೆ, ಒತ್ತಡವೂ ಅತಿ. ಸಣ್ಣ ಕೈ ಬ್ಲೋವರ್ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ.

ಹೊಸದಾಗಿ ಜೋಡಿಸುವವರು ಮೊದಲು ಕ್ಯಾಬಿನೆಟ್ ನೋಡಿ

ಈಗ ಮತ್ತೆ ಜೋಡಿಸುವುದಾದರೆ ನಾನು ಹಣ ಹಂಚುವ ರೀತಿಯೇ ಬೇರೆ. ಎಲ್ಲರೂ ಕ್ಯಾಬಿನೆಟ್ಟನ್ನು ಕೊನೆಗೆ, ಉಳಿದ ಹಣದಲ್ಲಿ, ಅಂದ ನೋಡಿ ಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕೋಣೆಯೇ 36, 38 ಆಗುವ ಊರಿನಲ್ಲಿ ಅದನ್ನು ಮೊದಲು ಆರಿಸಬೇಕು. ಮುಂದುಗಡೆ ಪೂರ್ತಿ ಜಾಲರಿ, ಒಳಗೆ ಎಳೆಯಲು ಎರಡು ಫ್ಯಾನ್, ಹಿಂದೆ ಹೊರಹಾಕಲು ಒಂದು. ಒಳಗೆ ಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಸಂದುಗೊಂದುಗಳಿಂದ ಧೂಳು ನುಗ್ಗುವುದಿಲ್ಲ, ಜಾಲರಿಯ ಮೂಲಕವೇ ಬರುತ್ತದೆ. ಜಾಲರಿಗಳನ್ನು ತಿರುಪು ಬಿಚ್ಚದೆ ಎಳೆದು ತೆಗೆಯುವಂತಿರಲಿ. ಅಂಗಡಿಯಲ್ಲೇ ಒಮ್ಮೆ ತೆಗೆದು ಹಾಕಿ ನೋಡಿ. ತೆಗೆಯಲು ಕಷ್ಟವಾದ ಜಾಲರಿಯನ್ನು ಯಾರೂ ತೊಳೆಯುವುದಿಲ್ಲ.

ಕೂಲರ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. 65 ವಾಟ್ ದರ್ಜೆಯ ಪ್ರೊಸೆಸರ್‌ಗೆ ಲಿಕ್ವಿಡ್ ಕೂಲರ್ ದಂಡ. ನೀರು ಶಾಖವನ್ನು ಹೊತ್ತು ರೇಡಿಯೇಟರ್‌ಗೆ ಒಯ್ಯುತ್ತದೆ ಅಷ್ಟೇ. ಅಲ್ಲಿಂದ ಮುಂದೆ ಅದನ್ನು ಬೀಸಿ ಕಳೆಯಬೇಕಾದದ್ದು ಅದೇ ಕೋಣೆಯ ಅದೇ ಬಿಸಿ ಗಾಳಿ. ತಾಮ್ರದ ನಾಲ್ಕು ನಳಿಕೆ, 120 ಮಿಲಿಮೀಟರ್ ಫ್ಯಾನ್ ಇರುವ ಗೋಪುರದಂಥ ಕೂಲರ್ ಇದಕ್ಕೆ ಧಾರಾಳ. ಪಂಪ್ ಕೆಡುವ, ನೀರು ಸೋರುವ ಚಿಂತೆ ಇಲ್ಲ. 200 ವಾಟ್ ಎಳೆಯುವ ದೊಡ್ಡ ಪ್ರೊಸೆಸರ್ ಕೊಳ್ಳುವವರ ಮಾತು ಬೇರೆ. ಪ್ರೊಸೆಸರ್‌ನ ಮಿತಿಯನ್ನೂ ತಿಳಿದಿರಿ: ರೈಜನ್ 7000 ಸಾಲಿನ ಹೆಚ್ಚಿನವು 95ರ ತನಕ ಏರುವಂತೆಯೇ ರೂಪಿಸಲಾದವು, ಇಂಟೆಲ್‌ನ 12400 ಮಿತಿ 100. ಅಂಕಿ ನೋಡಿ ಗಾಬರಿಯಾಗುವ ಮೊದಲು ಯಾವ ಪ್ರೊಸೆಸರ್ ಎಂದು ನೋಡಿ.

ಎಸ್‌ಎಂಪಿಎಸ್ ಕೊಳ್ಳುವಾಗ ವಾಟ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಡಿಗ್ರಿಯಲ್ಲಿ ಅಷ್ಟು ವಾಟ್ ಎಂದೂ ಕೇಳಿ. ಒಳ್ಳೆಯವುಗಳ ವಿವರಪಟ್ಟಿಯಲ್ಲಿ 50 ಡಿಗ್ರಿ ಎಂದು ಬರೆದಿರುತ್ತದೆ, ಸಾಧಾರಣದವುಗಳಲ್ಲಿ 40, ತೀರಾ ಅಗ್ಗದವುಗಳಲ್ಲಿ ಏನೂ ಇರುವುದಿಲ್ಲ. ನಾನು ಬೆಟಗೇರಿಯ ಗೂಡಿನಲ್ಲಿ ಅಳೆದ ಗಾಳಿಯೇ 42 ಇತ್ತು.

ಕೋಣೆಗೆ ಏರ್ ಕೂಲರ್ ಇದ್ದವರು ಅದನ್ನು ಹಚ್ಚಿಕೊಂಡೇ ಆಡಿ. ನಮ್ಮ ಒಣ ಬೇಸಿಗೆಯಲ್ಲಿ ಅದು ಐದಾರು ಡಿಗ್ರಿ ಇಳಿಸುತ್ತದೆ, ಅಷ್ಟೂ ಕಂಪ್ಯೂಟರಿಗೂ ಸಿಗುತ್ತದೆ. ಕಿಟಕಿಯೊಂದನ್ನು ತೆರೆದಿಡಿ, ಹಸಿ ಗಾಳಿಯ ಬಾಯಿ ಮಾತ್ರ ನೇರವಾಗಿ ಕ್ಯಾಬಿನೆಟ್ ಕಡೆಗೆ ಬೇಡ.

ಅಕ್ಕನ ಮನೆಯಲ್ಲಿ ಅಮಾವಾಸ್ಯೆಯ ದಿನ ಮಗ್ಗ ನಡೆಯುವುದಿಲ್ಲ. ಜಾಲರಿ ತೊಳೆಯಲು ಆ ದಿನವನ್ನೇ ಗೊತ್ತುಮಾಡಿಕೊಂಡಿದ್ದಾರೆ. ಹುಡುಗ ಎರಡೂ ಜಾಲರಿಗಳನ್ನು ಹಿತ್ತಲಿಗೆ ಒಯ್ದು ಕೊಡವಿ, ತೊಳೆದು, ತುಳಸಿಕಟ್ಟೆಯ ಮೇಲೆ ಒಣಗಲು ಇಟ್ಟು, ಕೋಣೆ ಮತ್ತು ಪ್ರೊಸೆಸರ್ ಎರಡರ ತಾಪಮಾನವನ್ನೂ ಚೀಟಿಯಲ್ಲಿ ಬರೆದು ನನಗೆ ಕಳಿಸುತ್ತಾನೆ. ಕಳೆದ ಸಲದ ಚೀಟಿಯಲ್ಲಿ ಕೋಣೆ 34, ಪ್ರೊಸೆಸರ್ 73, ಜುಂಗಿನ ಬಣ್ಣ ನೀಲಿ ಎಂದಿತ್ತು.